ಗೌನಿನೊಳಗೆ ಪಿಸ್ತೂಲು

ಕುವೈತ್ ಸಿಟಿಯ ಮುರ್ಗಾಬಿನಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಅಂಗಡಿಗಳು ಒಂದಕ್ಕೊಂದು ಅಂಟಿಕೊಂಡೇ ಇವೆ. ಅವುಗಳಲ್ಲಿ ಒಂದನ್ನು ನಡೆಸುವವರು ಉಪ್ಪಿನಂಗಡಿಯ ಅಬೂಬಕ್ಕರ್. ಕಾಗದದಲ್ಲಿ ಅಂಗಡಿ ಕಫೀಲನದ್ದು, ಅಂದರೆ ವೀಸಾ ಕೊಡಿಸಿದ ಕುವೈತಿ ಪ್ರಾಯೋಜಕನದ್ದು, ವ್ಯವಹಾರ ಅಬೂಬಕ್ಕರರದ್ದು, ಕತ್ತರಿ ಮಾತ್ರ ವೆಲಿಟಾಳದ್ದು. ಮದುವೆಯಾಗಿ ಕಲ್ಯಾಣಪುರದಿಂದ ಬಂದವಳು ಅವಳು. ಗಂಡ ಎಡ್ವರ್ಡ್ ಅರ್ದಿಯಾದ ಗೋದಾಮಿನಲ್ಲಿ ಮೇಲ್ವಿಚಾರಕ. ಅಂಗಡಿಯ ಒಳಕೋಣೆಗೆ ಗಂಡಸರು ಕಾಲಿಡುವಂತಿಲ್ಲ, ಹಾಗಾಗಿ ಅಲ್ಲಿ ವೆಲಿಟಾಳದ್ದೇ ಕಾರುಬಾರು. ಅಳತೆಗೆ ಬಂದ ಹೆಂಗಸರು ಅಬಾಯದ ಜೊತೆಗೆ ಮನಸ್ಸಿನಲ್ಲಿದ್ದದ್ದನ್ನೂ ಅಲ್ಲಿ ಕಳಚಿಡುತ್ತಿದ್ದರು. ವೆಲಿಟಾ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಹೂಂಗುಟ್ಟುತ್ತಿದ್ದಳು.

ಆದರೆ ಅಲ್ಲಿ ಪಿಸ್ತೂಲು ಕಳಚಿಟ್ಟವಳು ನಜ್ಲಾ ಒಬ್ಬಳೇ.

ನಜ್ಲಾ ಪೊಲೀಸ್ ಅಧಿಕಾರಿ. ದೊಡ್ಡ ಮನೆತನಗಳ ಹೆಂಗಸರ ಬೆಂಗಾವಲಿಗೆ ಹೋಗುವ ತಂಡದವಳು. ಎತ್ತರದ ಆಳು, ಮಾತು ಕಡಿಮೆ. ನಾಲ್ಕಾರು ವರ್ಷಗಳಿಂದ ಅವಳ ಕೋಟು, ಪ್ಯಾಂಟು, ಹಬ್ಬದ ಉಡುಪು ಎಲ್ಲವೂ ವೆಲಿಟಾಳ ಕೈಯಿಂದಲೇ ಆಗುತ್ತಿದ್ದವು. ಆ ದಿನ ಬೆಳಿಗ್ಗೆ ಬಂದವಳು ಒಂದು ಬಟ್ಟೆಯ ಚೀಲವನ್ನು ಮೇಜಿನ ಮೇಲೆ ಸುರಿದಳು. ಚರ್ಮದ ಪಟ್ಟಿಗಳು, ಪ್ಲಾಸ್ಟಿಕ್ಕಿನ ಕಪ್ಪು ಒರೆ, ಅಗಲದ ಇಲಾಸ್ಟಿಕ್ಕು. ಕೊನೆಗೆ ಸೊಂಟದಿಂದ ಪಿಸ್ತೂಲನ್ನೇ ತೆಗೆದು ಗುಂಡಿನ ಡಬ್ಬಿ ಕಳಚಿ ಬೇರೆ ಇಟ್ಟಳು.

"ಹೆದರಬೇಡ, ಖಾಲಿ ಇದೆ," ಎಂದಳು ಅರಬ್ಬಿಯಲ್ಲಿ. "ಒಂದು ಮದುವೆ. ಹೆಂಗಸರ ಹಾಲ್. ನಾವು ಕೋಟು ಹಾಕಿಕೊಂಡು ಗೋಡೆಗೆ ಆತು ನಿಂತರೆ ಮದುಮಗಳ ತಾಯಿಗೆ ಇಷ್ಟವಿಲ್ಲವಂತೆ. ನೆಂಟರ ಹಾಗೇ ಕಾಣಬೇಕಂತೆ. ಗೌನು ಹಾಕಬೇಕು, ಒಳಗೆ ಇದೂ ಇರಬೇಕು. ಇವುಗಳಲ್ಲಿ ಯಾವ ಹೋಲ್‌ಸ್ಟರ್ ಆಗುತ್ತದೆ ನೋಡಿ ಹೇಳು. ಅದಕ್ಕೆ ತಕ್ಕ ಹಾಗೆ ಬಟ್ಟೆ ಕತ್ತರಿಸು."

ವೆಲಿಟಾ ಪಿಸ್ತೂಲನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಆದರೂ ಒಳಗಿನ ದರ್ಜಿ ಎಚ್ಚರಗೊಂಡಿದ್ದಳು. ಎಷ್ಟು ದಪ್ಪ, ಎಲ್ಲಿ ಉಬ್ಬು, ಯಾವ ಮೂಲೆ ಬಟ್ಟೆಯನ್ನು ತಳ್ಳುತ್ತದೆ ಎಂದು ಕಣ್ಣು ತಾನಾಗಿಯೇ ಅಳೆಯತೊಡಗಿತ್ತು.

ಮೊದಲು ಕಂಕುಳ ಕೆಳಗೆ ತೂಗುವ ಚರ್ಮದ್ದನ್ನು ನೋಡಿದರು. ಮೇಲೊಂದು ಕಸೂತಿಯ ಗಿಡ್ಡ ಜಾಕೆಟ್ಟು ಹಾಕಿದರೆ ಕನ್ನಡಿಯಲ್ಲಿ ಏನೂ ಕಾಣುತ್ತಿರಲಿಲ್ಲ. ನಜ್ಲಾ ಒಪ್ಪದೆ ತಲೆಯಾಡಿಸಿದಳು. "ನನ್ನನ್ನು ತಬ್ಬಿಕೋ. ಮದುವೆಯಲ್ಲಿ ಎಲ್ಲರೂ ತಬ್ಬುತ್ತಾರೆ." ವೆಲಿಟಾ ಸಂಕೋಚದಿಂದ ತಬ್ಬಿದಳು. ಅಂಗೈ ಬೆನ್ನು ಸವರಿದ ಕೂಡಲೇ ಪಟ್ಟಿಗಳು ಸಿಕ್ಕವು, ಪಕ್ಕೆಗೆ ಗಟ್ಟಿಯಾದದ್ದೇನೋ ಒತ್ತಿತು. ಖಲಾಸ್, ಅದು ಆಗಲಿಲ್ಲ.

ಸೊಂಟಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ಕಿನದ್ದಕ್ಕೆ ಗಟ್ಟಿ ಬೆಲ್ಟ್ ಬೇಕು. ನಜ್ಲಾ ಆರಿಸಿದ ಹಸಿರು ಕ್ರೇಪು ನೀರಿನ ಹಾಗೆ ಜಾರುವಂಥದ್ದು, ಬೆಲ್ಟಿನ ಬಕ್ಕಲನ್ನೂ ಅಡಗಿಸಲಾರದು. ತೊಡೆಗೆ ಕಟ್ಟುವುದು ನಡೆಯುವಾಗ ಜಾರಿತು. ಅದನ್ನು ನಿಲ್ಲಿಸುವ ಉಪಾಯ ವೆಲಿಟಾಳಿಗೆ ತೋಚಿತು: ಸೊಂಟದ ಮೂಳೆಯ ಮೇಲೆ ಕೂರುವ ಸಣ್ಣ ಪಟ್ಟಿ, ಅದರಿಂದ ಇಳಿಯುವ ಎರಡು ಲಾಡಿ, ಗೌನಿನ ಪಕ್ಕದಲ್ಲಿ ಒಂದು ಮುಚ್ಚುನೆರಿಗೆ. ನಜ್ಲಾ ನೆರಿಗೆ ಸರಿಸಿ ಪಿಸ್ತೂಲು ಎಳೆದು ನೋಡಿದಳು. ಮತ್ತೊಮ್ಮೆ ಎಳೆದಳು. ಬಟ್ಟೆ ಕೈಗೆ ತೊಡರಿತು.

"ಇದು ಹೊರಗೆ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ," ಎಂದಳು.

ಕೊನೆಗೆ ಉಳಿದದ್ದು ಹೊಟ್ಟೆಗೆ ಸುತ್ತುವ ಅಗಲದ ಇಲಾಸ್ಟಿಕ್ ಪಟ್ಟಿ. ಎದೆಯ ಕೆಳಗೆ ಅದರಲ್ಲೇ ಒಂದು ಜೇಬು, ಪಿಸ್ತೂಲು ಚಪ್ಪಟೆಯಾಗಿ ಮೈಗೆ ಅಂಟಿ ಕೂರುತ್ತದೆ. ಗೌನಿನ ಮುಂಭಾಗಕ್ಕೆ ಒಂದಿಷ್ಟು ನೆರಿಗೆಯ ಇಳಿಬಟ್ಟೆ ಕೊಟ್ಟು, ಪಕ್ಕದ ಹೊಲಿಗೆಯಲ್ಲಿ ಕೈ ತೂರುವಷ್ಟು ಬಾಯಿ ಬಿಟ್ಟರೆ ಆಯಿತು. ತಬ್ಬಿದರೂ ಗೊತ್ತಾಗದು, ಕೂತರೂ ಗೊತ್ತಾಗದು. ವೆಲಿಟಾ ಹಿಂದೆ ನಿಂತು ಕೊಕ್ಕೆ ಹಾಕತೊಡಗಿದಳು. ಮೊದಲ ಕೊಕ್ಕೆ, ಎರಡನೆಯದು. ಮೂರನೆಯದಕ್ಕೆ ನಜ್ಲಾ ಮೇಜು ಹಿಡಿದುಕೊಂಡಳು. ಕನ್ನಡಿಯಲ್ಲಿ ಮುಖ ಬಿಳಿಚಿತ್ತು.

ವೆಲಿಟಾ ಕೊಕ್ಕೆ ಬಿಟ್ಟಳು. ಟೇಪು ತೆಗೆದು ಸೊಂಟ ಅಳೆದಳು. ರಂಜಾನಿಗೆ ಮೊದಲು ಹೊಲಿದುಕೊಟ್ಟ ಉಡುಪಿನ ಅಳತೆ ಅವಳಿಗೆ ನೆನಪಿತ್ತು. ಕೆನ್ನೆ ಇಳಿದಿದೆ, ಕತ್ತಿನ ಮೂಳೆ ಎದ್ದಿದೆ, ಸೊಂಟ ಮಾತ್ರ ತುಂಬಿದೆ.

"ಎಷ್ಟು ತಿಂಗಳು, ಮೇಡಂ?"

ನಜ್ಲಾ ಕನ್ನಡಿಯೊಳಗಿಂದಲೇ ಅವಳನ್ನು ದಿಟ್ಟಿಸಿದಳು. ಬೈಯುತ್ತಾಳೆ ಎಂದುಕೊಂಡಳು ವೆಲಿಟಾ. ಬೈಯಲಿಲ್ಲ.

"ನಾಲ್ಕು ಹತ್ತಿರ. ಗಂಡನಿಗೆ ಗೊತ್ತು, ಆಫೀಸಿಗೆ ಗೊತ್ತಿಲ್ಲ. ಗೊತ್ತಾದ ದಿನವೇ ನನ್ನನ್ನು ಮೇಜಿನ ಹಿಂದೆ ಕೂರಿಸುತ್ತಾರೆ. ಈ ತಂಡಕ್ಕೆ ಸೇರಲು ನಾನು ಪಟ್ಟ ಪಾಡು ನಿನಗೆ ತಿಳಿಯದು. ಈ ಮದುವೆಯೊಂದು ಮುಗಿಯಲಿ, ನಾನೇ ಹೇಳುತ್ತೇನೆ."

ತಿಳಿಯದು ಎನ್ನುವ ಹಾಗಿರಲಿಲ್ಲ. ಮಗಳು ರಿಯೋನಾ ಹೊಟ್ಟೆಯಲ್ಲಿದ್ದಾಗ ವೆಲಿಟಾ ಬೇರೊಂದು ಅಂಗಡಿಯಲ್ಲಿದ್ದಳು. ಊರಿಗೆ ಕಳಿಸಿಬಿಟ್ಟಾರೆಂದು, ತಾನೇ ಕತ್ತರಿಸಿದ ದೊಗಳೆ ಚೂಡಿದಾರದೊಳಗೆ ಹೊಟ್ಟೆಯನ್ನು ಆದಷ್ಟು ದಿನ ಬಚ್ಚಿಟ್ಟಿದ್ದಳು. ಆದರೆ ಅವಳು ಬಚ್ಚಿಟ್ಟದ್ದು ಸಡಿಲು ಬಟ್ಟೆಯಲ್ಲಿ. ಇದು ಬಿಗಿಯುವ ಕೆಲಸ, ಮೇಲೆ ಕಬ್ಬಿಣ ಬೇರೆ.

"ತೊಡೆಯದ್ದೇ ಇರಲಿ ಮೇಡಂ. ನೆರಿಗೆ ತೊಡರದ ಹಾಗೆ ನಾನು ಮಾಡಿಕೊಡುತ್ತೇನೆ."

"ನಿನ್ನ ಕೆಲಸ ನೀನು ಮಾಡು, ವೆಲಿಟಾ. ಹೊಟ್ಟೆಯ ಪಟ್ಟಿಯೇ. ಯಾರಿಗೂ ಹೇಳಬೇಡ."

ಮನೆಗೆ ಹೋದ ಮೇಲೆ ವೆಲಿಟಾ ಎಡ್ವರ್ಡನಿಗೆ ಪಿಸ್ತೂಲಿನ ವಿಷಯ ಹೇಳಿದಳು, ಬಸುರಿನ ವಿಷಯ ಹೇಳಲಿಲ್ಲ. "ಎಂತದಕ್ಕೆ ನಿಂಗೆ ಈ ಉಸಾಬರಿ? ಆಗುದಿಲ್ಲ ಅಂತ ಹೇಳ್ಬೇಕಿತ್ತು," ಎಂದ ಅವನು. ಮರುದಿನ ಪಟ್ಟಿಯ ನಡುವಿಗೆ ಮೆತ್ತನೆಯ ಒಂದು ತುಂಡು ಸೇರಿಸಿ, ಮೂರನೆಯ ಕೊಕ್ಕೆಯನ್ನೇ ಕಿತ್ತು ಹಾಕಿದಳು. ಅಷ್ಟು ಅವಳ ಕೈಯಲ್ಲಿತ್ತು.

ಕೊನೆಯ ಟ್ರಯಲಿಗೆ ನಜ್ಲಾ ಡ್ಯೂಟಿಯಿಂದ ನೇರ ಬಂದಳು, ಮದುವೆಗೆ ಇನ್ನೆರಡು ದಿನವಿರುವಾಗ. ಮುಖ ಬಾಡಿತ್ತು, ಅವಸರದಲ್ಲಿದ್ದಳು. "ಯಲ್ಲಾ, ಬೇಗ. ಕಾರು ಬರುತ್ತದೆ." ಪಟ್ಟಿ ಸುತ್ತಿಕೊಂಡಳು. ಮೂರನೆಯ ಕೊಕ್ಕೆ ಇಲ್ಲದ್ದನ್ನು ಕಂಡು ಸಿಡುಕಿ, ಗುಂಡುಸೂಜಿಯಿಂದ ಪಟ್ಟಿಯನ್ನು ತಾನೇ ಬಿಗಿದಳು. "ಇವತ್ತು ಗುಂಡು ತೆಗೆದಿಲ್ಲ, ಮುಟ್ಟಬೇಡ," ಎಂದು ಎಚ್ಚರಿಸಿ ಪಿಸ್ತೂಲನ್ನು ಜೇಬಿಗೆ ತೂರಿದಳು. ಮೇಲೆ ಗೌನು ಹಾಕಿಕೊಂಡು ನಡೆದಳು, ತಿರುಗಿದಳು, ಕೂತಳು. ಎಲ್ಲಿಯೂ ಏನೂ ಕಾಣಲಿಲ್ಲ. ವೆಲಿಟಾ ಅಷ್ಟು ಚೆಂದದ ಗೌನನ್ನು ಅದುವರೆಗೆ ಹೊಲಿದಿರಲಿಲ್ಲ.

ಕೂತಲ್ಲಿಂದ ನಜ್ಲಾ ಏಳಲಿಲ್ಲ. ಎರಡೂ ಕೈ ಹೊಟ್ಟೆಯ ಕೆಳಗೆ ಒತ್ತಿ ಮುಂದಕ್ಕೆ ಬಾಗಿದಳು. ಸ್ಟೂಲಿನ ಬಿಳಿ ಕವರಿನ ಮೇಲೆ ಕೆಂಪು ಕಂಡಿತು.

"ಯೇಸುವೇ!" ಎಂದು ಕೂಗಿ ವೆಲಿಟಾ ಬಾಗಿಲಿಗೆ ಓಡಿದಳು. "ಸಾಹೇಬರೇ, ಆಂಬುಲೆನ್ಸ್! ಬೇಗ!"

ತಿರುಗಿ ಬರುವಷ್ಟರಲ್ಲಿ ನಜ್ಲಾ ಪಟ್ಟಿ ಬಿಚ್ಚಿ, ಪಿಸ್ತೂಲಿನ ಸಮೇತ ಅದನ್ನು ಕತ್ತರಿಸುವ ಮೇಜಿನ ಕೆಳಗಿನ ಬಟ್ಟೆಗಳ ರಾಶಿಯೊಳಗೆ ತುರುಕಿದ್ದಳು. "ಆಸ್ಪತ್ರೆಯವರು ಇದನ್ನು ನೋಡಿದರೆ ಆಫೀಸಿಗೆ ಹೇಳುತ್ತಾರೆ. ನನ್ನ ಗಂಡ ಬರುತ್ತಾನೆ. ಅವನ ಕೈಗೇ ಕೊಡು. ಬೇರೆ ಯಾರಿಗೂ ಬೇಡ." ವೆಲಿಟಾಳ ಮಣಿಕಟ್ಟು ಹಿಡಿದ ಅವಳ ಬೆರಳು ಮಂಜಿನ ಹಾಗಿತ್ತು. "ಆಣೆ ಮಾಡು."

ವೆಲಿಟಾ ಆಣೆ ಮಾಡಿದಳು. ಆ ಹೊತ್ತಿನಲ್ಲಿ ಏನು ಕೇಳಿದ್ದರೂ ಮಾಡುತ್ತಿದ್ದಳು. ಗೌನು ಕಳಚಿಸಿ ಅವಳ ಮೈಗೆ ಅಬಾಯ ಹೊದಿಸಿದಳು.

ಸ್ಟ್ರೆಚರ್ ಮೆಟ್ಟಿಲಿಳಿದ ಮೇಲೆ ಅಬೂಬಕ್ಕರ್ ಬೆವರೊರೆಸಿಕೊಳ್ಳುತ್ತಾ ಬಂದರು. ವೆಲಿಟಾ ವಿಷಯ ಹೇಳಿದಳು. ಅವರು ಇದ್ದಲ್ಲೇ ಕುಸಿದು ಕೂತರು.

"ಗುಂಡು ತುಂಬಿದ ಪೊಲೀಸ್ ಪಿಸ್ತೂಲು, ನಮ್ಮ ಅಂಗಡಿಯಲ್ಲಾ? ನಾವು ಪರದೇಶಿಗಳು ವೆಲಿಟಾ ಬಾಯಿ! ಇದು ಸಿಕ್ಕಿದ್ರೆ ಮೊದ್ಲು ಜೈಲು, ಮತ್ತೆ ಊರಿನ ವಿಮಾನ. ಈಗ್ಲೇ ಪೊಲೀಸಿಗೆ ಫೋನ್ ಮಾಡುವ."

"ಆಣೆ ಮಾಡಿದ್ದೇನೆ ಸಾಹೇಬರೇ. ಅವಳ ಗಂಡ ಬರ್ತಾನೆ. ಸ್ವಲ್ಪ ಕಾಯುವ."

ಕಾದರು. ಗಂಡ ಬರಲಿಲ್ಲ. ನಜ್ಲಾಳ ಫೋನು ಸ್ವಿಚ್ ಆಫ್ ಆಗಿತ್ತು. ಮುಟ್ಟಿದರೆ ಸಿಡಿಯಬಹುದೆಂಬ ಹೆದರಿಕೆಯಲ್ಲಿ ಇಬ್ಬರೂ ಆ ರಾಶಿಯ ಹತ್ತಿರ ಸುಳಿಯಲಿಲ್ಲ. ವೆಲಿಟಾ ಸ್ಟೂಲಿನ ಕವರನ್ನು ತೊಳೆದಳು. ಕಲೆ ಹೋಗಲಿಲ್ಲ, ಮತ್ತೆ ಉಜ್ಜಿದಳು. ಆ ಮಗು ಉಳಿದಿದೆಯೋ ಇಲ್ಲವೋ. ತಾನು ಮೊದಲೇ ಖಡಾಖಂಡಿತವಾಗಿ ಆಗದು ಎಂದಿದ್ದರೆ? ಬೇರೆ ಯಾರೋ ಹೊಲಿದುಕೊಡುತ್ತಿದ್ದರು, ಮೂರು ಕೊಕ್ಕೆ ಇಟ್ಟೇ ಕೊಡುತ್ತಿದ್ದರು. ಹೀಗೆ ಅತ್ತ ಇತ್ತ ಯೋಚಿಸಿ ಅವಳಿಗೆ ತಲೆ ಸಿಡಿಯತೊಡಗಿತು.

ಇಳಿಮಧ್ಯಾಹ್ನದ ಅಸರ್ ನಮಾಜಿನ ಬಾಂಗು ಮುಗಿದ ಮೇಲೆ ಇಬ್ಬರು ಗಿರಾಕಿಗಳು ಬಂದರು, ತಾಯಿ ಮತ್ತು ಮಗಳು. ಅಬೂಬಕ್ಕರ್ ಅಂಗಡಿ ಮುಚ್ಚಿದೆ ಎನ್ನುವುದರೊಳಗೆ ತಾಯಿ ಒಳಗೇ ನುಗ್ಗಿದ್ದಳು. ಮೇಜಿನ ಕೆಳಗೆ ಇಣುಕಿ, "ಆ ಹಸಿರು ಕ್ರೇಪು ಇನ್ನೂ ಇದೆಯಾ? ತೋರಿಸು," ಎನ್ನುತ್ತಾ ರಾಶಿಗೆ ಕೈ ಹಾಕಿಯೇಬಿಟ್ಟಳು.

ವೆಲಿಟಾ ಆ ಹೆಂಗಸಿನ ಕೈಯನ್ನು ಹಿಡಿದು ಹಿಂದಕ್ಕೆ ಎಳೆದಳು. ಗಿರಾಕಿಯ ಮೈಮುಟ್ಟಿ ಹಾಗೆ ಎಳೆದದ್ದು ಅವಳ ಜನ್ಮದಲ್ಲೇ ಮೊದಲು. "ಸೂಜಿಗಳಿವೆ ಮೇಡಂ, ಚುಚ್ಚುತ್ತದೆ," ಎಂದು ತೊದಲಿದಳು. ಹೆಂಗಸು ಬಾಯಿಗೆ ಬಂದಂತೆ ಬೈದು ಮಗಳನ್ನು ಕರೆದುಕೊಂಡು ಇಳಿದುಹೋದಳು.

ಆ ಕೈ ಇನ್ನೊಂದು ಗೇಣು ಒಳಗೆ ಹೋಗಿದ್ದರೆ? ಸಂಜೆಗೆ ಇನ್ನೂ ಜನ ಬರುತ್ತಾರೆ. ಬಟ್ಟೆಯ ನಡುವೆ ನುಸುಳಿ ಆಡುವ ಮಕ್ಕಳನ್ನೂ ಕರೆತರುತ್ತಾರೆ. ಆಣೆ ದೊಡ್ಡದು ಹೌದು.

"ಫೋನ್ ಮಾಡಿ ಸಾಹೇಬರೇ," ಎಂದಳು. ಹೇಳುವಾಗಲೇ ಕಣ್ಣು ತುಂಬಿತು.

ಬಂದವರಲ್ಲಿ ಒಬ್ಬಳು ನಜ್ಲಾಳ ಮೇಲಧಿಕಾರಿ. ಪಿಸ್ತೂಲಿನ ಗುಂಡು ಬಿಡಿಸಿ ಚೀಲಕ್ಕೆ ಹಾಕಿ, ಇಬ್ಬರ ಇಕಾಮಾಗಳನ್ನೂ, ಆ ದೇಶದಲ್ಲಿರಲು ಕೊಟ್ಟ ಪರವಾನಗಿ ಚೀಟಿಗಳನ್ನು, ತೆಗೆದುಕೊಂಡಳು. ಆಮೇಲೆ ವೆಲಿಟಾಳನ್ನು ಒಳಕೋಣೆಯಲ್ಲಿ ನಿಲ್ಲಿಸಿ ಒಂದೇ ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ಕೇಳಿದಳು. ಯಾಕೆ ಬಿಟ್ಟುಹೋದಳು? ಅವಳಿಗೆ ಏನಾಗಿತ್ತು?

"ತಲೆ ಸುತ್ತಿ ಬಿದ್ದರು," ಎಂದಳು ವೆಲಿಟಾ.

"ಯಾವ ಕಾಯಿಲೆ?"

"ನನಗೆ ಗೊತ್ತಿಲ್ಲ ಮೇಡಂ. ನಾನು ಬಟ್ಟೆ ಹೊಲಿಯುವವಳು."

ಅಧಿಕಾರಿ ಒಣಗಲು ಹಾಕಿದ್ದ ಕವರಿನ ಕಡೆ ನೋಡಿದಳು. ಮಸುಕಾದ ಕಲೆ ಹಾಗೇ ಇತ್ತು. ಇಕಾಮಾಗಳನ್ನು ಮೇಜಿನ ಮೇಲೆ ಇಟ್ಟು, ಕರೆದಾಗ ಠಾಣೆಗೆ ಬರಬೇಕೆಂದು ಹೇಳಿ ಹೊರಟಳು.

ಠಾಣೆಗೆ ಎರಡು ಸಲ ಕರೆದರು. ಅಬೂಬಕ್ಕರ್ ಕಫೀಲನ ಕೈಕಾಲು ಹಿಡಿದರು. ಎಡ್ವರ್ಡ್ ರಜೆ ಹಾಕಿ ಠಾಣೆಯ ಹೊರಗಿನ ಬಿಸಿಲಲ್ಲಿ ಕಾದ. ಅವಳನ್ನು ಮನೆಗೆ ಕರೆತಂದ, ತಾನೇ ಗಂಜಿ ಬೇಯಿಸಿ ಬಡಿಸಿದ. ಕೊನೆಗೆ ಠಾಣೆಯವರು ಇನ್ನು ಬರುವುದು ಬೇಡ ಎಂದರು. ನಜ್ಲಾಳ ಸುದ್ದಿ ಮಾತ್ರ ಯಾರೂ ಹೇಳಲಿಲ್ಲ, ಕೇಳುವ ಧೈರ್ಯ ವೆಲಿಟಾಳಿಗೂ ಬರಲಿಲ್ಲ. ಭಾನುವಾರ ಇಗರ್ಜಿಯಲ್ಲಿ ಆ ಮಗುವಿಗಾಗಿ ಪ್ರಾರ್ಥಿಸಿದಳು, ಇದೆ ಎಂದುಕೊಂಡೇ.

ಬಿಸಿಲು ಇಳಿದು ಗಾಳಿ ತಣ್ಣಗಾಗುವ ಕಾಲಕ್ಕೆ ಒಂದು ದಿನ ಬಾಗಿಲು ತೆರೆಯಿತು. ನಜ್ಲಾ. ಅಬಾಯದ ಮುಂದೆ ಹೊಟ್ಟೆ ಎದ್ದು ಕಾಣುತ್ತಿತ್ತು. ವೆಲಿಟಾಳ ಕೈಯ ಕತ್ತರಿ ಮೇಜಿಗೆ ಬಿತ್ತು.

"ಉಳಿಯಿತು," ಎಂದಳು ನಜ್ಲಾ, ಕೇಳುವ ಮೊದಲೇ. "ಆವತ್ತಿನಿಂದ ಹಾಸಿಗೆಯಲ್ಲೇ ಇದ್ದೆ. ಹೆಣ್ಣಂತೆ."

"ದೇವರು ದೊಡ್ಡವನು ಮೇಡಂ. ಕೂತುಕೊಳ್ಳಿ."

ನಜ್ಲಾ ಕೂರಲಿಲ್ಲ. "ನನ್ನ ಗಂಡ ಆಸ್ಪತ್ರೆಯಿಂದ ಹೊರಡುವುದು ತಡವಾಯಿತು. ನನ್ನ ರಕ್ತ ನಿಂತಿರಲಿಲ್ಲ, ಬಿಟ್ಟು ಬರಲಾಗಲಿಲ್ಲ. ಅವನು ಇಲ್ಲಿ ಮೆಟ್ಟಿಲು ಹತ್ತುವಾಗ ಪೊಲೀಸರು ಇಳಿಯುತ್ತಿದ್ದರಂತೆ. ಇನ್ನೊಂದಿಷ್ಟು ಹೊತ್ತು ನೀನು ಕಾಯಬಹುದಿತ್ತು."

"ಜನ ಬಂದರು ಮೇಡಂ. ಆ ರಾಶಿಗೆ ಕೈ ಹಾಕಿದರು. ನನಗೆ ಹೆದರಿಕೆಯಾಯಿತು."

"ನಿನ್ನದು ತಪ್ಪು ಎಂದು ನಾನು ಹೇಳುತ್ತಿಲ್ಲ. ಬಸುರಿಗೆ ಶಿಕ್ಷೆ ಇಲ್ಲ. ಪಿಸ್ತೂಲು ಬಿಟ್ಟುಹೋದದ್ದಕ್ಕೆ ಇದೆ. ತಂಡದಿಂದ ತೆಗೆದರು, ಇನ್ನು ಹಿಂದಕ್ಕೆ ಸೇರಿಸುವುದಿಲ್ಲ." ಸ್ವಲ್ಪ ತಡೆದು, ಕನ್ನಡಿಯ ಕಡೆ ತಿರುಗಿ ಹೇಳಿದಳು. "ಆ ಮದುವೆಯಲ್ಲಿ ಏನೂ ಆಗಲಿಲ್ಲ, ಗೊತ್ತಾ? ಕುಣಿದರು, ಉಂಡರು, ಮನೆಗೆ ಹೋದರು. ಅಷ್ಟೇ."

ಗೋಡೆಯ ಬೀರುವಿನಲ್ಲಿ ಗೌನು ಇದೆ, ಕೊಡಲೇ ಎಂದು ವೆಲಿಟಾ ಕೇಳಿದಳು. ನಜ್ಲಾ ಬೇಡವೆಂದು ಕೈ ಆಡಿಸಿದಳು. ಬಾಗಿಲವರೆಗೆ ಹೋದವಳು ನಿಂತು, ಎರಡು ಸಲ ಬಾಯಿ ತೆರೆದು ಮುಚ್ಚಿದಳು. ಬೈಯಲಿಕ್ಕೋ, ಥ್ಯಾಂಕ್ಸ್ ಹೇಳಲಿಕ್ಕೋ, ವೆಲಿಟಾಳಿಗೆ ತಿಳಿಯಲಿಲ್ಲ. ಕಟಾಂಜನ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಹೋದಳು.

"ಎಂತ ಹೇಳಿದ್ರು?" ಎಂದು ಅಬೂಬಕ್ಕರ್ ಕೇಳಿದರು.

"ಮಗು ಉಂಟಂತೆ ಸಾಹೇಬರೇ," ಎಂದಳು ವೆಲಿಟಾ. ಉಳಿದದ್ದನ್ನು ಹೇಳಲಿಲ್ಲ. ಸಂತೋಷಕ್ಕೋ ಸಂಕಟಕ್ಕೋ ಬರುತ್ತಿದ್ದ ಅಳುವನ್ನು ನುಂಗಿಕೊಂಡು, ಕೆಳಗೆ ಕಾರು ಹೊರಡುವ ಸದ್ದು ಕೇಳುವವರೆಗೂ ಕಿಟಕಿಯ ಹತ್ತಿರ ನಿಂತೇ ಇದ್ದಳು.