ಇನ್ನರ್ಧ ಮರ

ಚಳಿ ಮುಗಿಯುತ್ತ ಬಂದಿದ್ದ ಒಂದು ಮಂಗಳವಾರ, ಬೆಳಗಿನ ಒಂಬತ್ತರ ಹೊತ್ತಿಗೆ ಇದು ಶುರುವಾಯಿತು. ಕಸೂತಿಯವಳು ಹೊಸ ಕಂಪ್ಯೂಟರಿನ ಮುಂದೆ ಕೈಕಟ್ಟಿ ಕೂತು, ಮಾತು ಬಿಟ್ಟ ನೆಂಟರನ್ನು ನೋಡುವ ಹಾಗೆ ಅದನ್ನು ನೋಡುತ್ತಿದ್ದಳು. ಪಕ್ಕದಲ್ಲಿ ಅವಳ ಕಸೂತಿ ಯಂತ್ರ ಬಟ್ಟೆ ಹೊದ್ದು ಸುಮ್ಮನೆ ನಿಂತಿತ್ತು. ಹದಿನೆಂಟು ವರ್ಷ ಅದಕ್ಕೆ ಚಿತ್ರ ಕಳಿಸುತ್ತಿದ್ದ ಹಳೆಯ ಕಂಪ್ಯೂಟರ್ ಹಿಂದಿನ ವಾರ ಟಪ್ಪೆಂದು ಕಣ್ಣು ಮುಚ್ಚಿತ್ತು.

ಮುಚ್ಚಿದ್ದಾದರೂ ಎಂಥ ಹೊತ್ತಿನಲ್ಲಿ! ನಾಟಕ ಮಂಡಳಿಗೆ ಅವಳು ರಂಗದ ಪರದೆ ಒಪ್ಪಿಕೊಂಡಿದ್ದಳು. ಎರಡು ಭಾಗ, ಎರಡೂ ಕೂಡಿದರೆ ಒಂದು ದೊಡ್ಡ ಮರ. ಎಡಗಡೆಯದು ಮುಗಿದು, ಅಂಚು ಮಡಚಿ ಹೊಲಿದು ಪೆಟ್ಟಿಗೆ ಸೇರಿತ್ತು. ಬಲಗಡೆಯದಕ್ಕೆ ಒಂದು ಹೊಲಿಗೆಯೂ ಬಿದ್ದಿರಲಿಲ್ಲ. ಎರಡು ತಿಂಗಳು ಕೂತು ಎಲೆ ಎಲೆ ಬಿಡಿಸಿಟ್ಟದ್ದೆಲ್ಲ ಹಳೆಯ ಕಸೂತಿ ಪ್ರೋಗ್ರಾಮಿನಲ್ಲಿತ್ತು. ಆ ಪ್ರೋಗ್ರಾಮೋ, ಹೊಸ ಕಂಪ್ಯೂಟರಿನಲ್ಲಿ ಏಳಲೊಲ್ಲೆ ಅನ್ನುತ್ತಿತ್ತು. ಕೈಯಲ್ಲೇ ಬಿಡಿಸೋಣವೆಂದರೆ ಕಾಂಡ ನಟ್ಟನಡುವೆ ಕೂಡಬೇಕು, ಕೊಂಬೆಗೆ ಕೊಂಬೆ ಹೊಂದಬೇಕು. ಮುಂದಿನ ವಾರ ಶನಿವಾರ ನಾಟಕ. ಅರ್ಧ ಮರ ಹಿಡಿದುಕೊಂಡು ಮಂಡಳಿಯ ಯಜಮಾನನಿಗೆ ಯಾವ ಮುಖ ತೋರಿಸುವುದು? ನಾಲ್ಕು ದಿನದಿಂದ ಅವಳಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಅಂಚು ಹೊಲಿಯಲು ನೆರವಾಗಲೆಂದು ಅವಳ ವಾರಗಿತ್ತಿ ತಿಂಗಳಿನಿಂದ ಅಲ್ಲೇ ಇದ್ದಳು. ಆಕೆಯ ಗಂಡನನ್ನು, ಅಂದರೆ ಮೈದುನನನ್ನು, ಹಿಂದಿನ ದಿನ ಕರೆಸಿಕೊಂಡದ್ದು. ಅವನು ಗ್ರಂಥಾಲಯವೊಂದರಲ್ಲಿ ಹಳೆಯ ಕಡತ ಕಾಯುವವನು. ಹೊಸ ಯಂತ್ರಗಳು ಮೂಸಿಯೂ ನೋಡದ ಕಡತಗಳನ್ನು ತೆರೆದು ಓದುವುದೇ ಅವನ ಕೆಲಸ.

"ಸತ್ತಿರೋದು ಬರೀ ಮೈ ಅತ್ತಿಗೆ, ಒಳಗಿನ ಡಿಸ್ಕ್ ಗಟ್ಟಿಯಾಗೇ ಇದೆ," ಅಂದ ಮೈದುನ. "ಅದರಲ್ಲಿದ್ದದ್ದನ್ನೆಲ್ಲ ಹೊಸದಕ್ಕೆ ತುಂಬ್ಕೊಂಡಿದೀನಿ. ಈಗ ಈ ಕಂಪ್ಯೂಟರ್ ಒಳಗೆ ಇನ್ನೊಂದು ಹಳೇ ಕಂಪ್ಯೂಟರ್ ಕೂರಿಸ್ತೀನಿ. ವರ್ಚುವಲ್ ಮಷೀನ್ ಅಂತಾರೆ."

"ಇರೋದೇ ತಟ್ಟೆ ಅಷ್ಟು. ಇದರೊಳಗೆ ಎಲ್ಲಯ್ಯ ಕೂರಿಸ್ತೀಯ?"

"ಅದು ನಿಜವಾದ ಯಂತ್ರ ಅಲ್ಲ, ಅದಿದೆ ಅನ್ನೋ ಹಾಗೆ ಈ ಸಾಫ್ಟ್‌ವೇರ್ ನಂಬಿಸತ್ತೆ. ನಿಮ್ಮ ಕಸೂತಿ ಪ್ರೋಗ್ರಾಮು ಹಳೇ ಮನೇಲೇ ಇದೀನಿ ಅಂದ್ಕೊಂಡು ತೆಪ್ಪಗೆ ಕೆಲಸ ಮಾಡತ್ತೆ."

ಅಡುಗೆಮನೆಯಿಂದ ವಾರಗಿತ್ತಿಯ ದನಿ ಬಂತು: "ಹಾಗಾದ್ರೆ ಬಸುರಿ ಕಂಪ್ಯೂಟರ್ ಅನ್ನಿ! ಹೆರಿಗೆ ಯಾವತ್ತೋ?"

"ನೀನು ಬಾಯಿಗೆ ಬೀಗ ಹಾಕಿದ್ರೆ ಇವತ್ತೇ!"

ಸಾಫ್ಟ್‌ವೇರ್ ಇಳಿಯಿತು, ಕೂತಿತು. ಆದರೆ ಒಳಗಿನ ಯಂತ್ರವನ್ನು ಎಬ್ಬಿಸಲು ಹೋದರೆ ಕೆಂಪಕ್ಷರ ಬಂತು. ಮೈದುನ ತಲೆ ಕೆಡಿಸಿಕೊಳ್ಳಲಿಲ್ಲ. ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿ, ಅದು ಪೂರ್ತಿ ಏಳುವ ಮೊದಲೇ ಒಂದು ಗುಂಡಿಯನ್ನು ಟಕಟಕ ಒತ್ತಿ, ಒಳಮನೆಯ ಪಟ್ಟಿಯೊಂದನ್ನು ತೆರೆದ.

"ಒಳಗೆ ಇನ್ನೊಬ್ಬರನ್ನ ಇಟ್ಕೊಳ್ಳೋ ಶಕ್ತಿ ಇದಕ್ಕಿದೆ. ಅಂಗಡಿಯವರು ಅದನ್ನ ಆಫ್ ಮಾಡಿ ಕೊಟ್ಟಿದಾರೆ, ಅಷ್ಟೆ," ಎಂದು ಅದನ್ನು ಆನ್ ಮಾಡಿದ. "ಈಗ ಹೇಳಿ, ಇದಕ್ಕೆ ಎಂಟು ಪಾಲು ಮೆಮೊರಿ ಇದೆ. ಒಳಗಿನದಕ್ಕೆ ಎಷ್ಟು ಕೊಡ್ಲಿ?"

"ಎಲ್ಲಾ ಕೊಟ್ಬಿಡು."

"ಎಲ್ಲಾ ಕೊಟ್ರೆ ಹೊರಗಿನದು ಉಪವಾಸ ಬೀಳತ್ತೆ. ಹಳೇದಕ್ಕೆ ಊಟ ಕಮ್ಮಿ, ಒಂದು ಪಾಲು ಸಾಕು."

"ನನ್ನ ಹಾಗೇ ಅನ್ನು."

ಹಳೆಯ ಕಂಪ್ಯೂಟರನ್ನು ನಡೆಸುತ್ತಿದ್ದ ವ್ಯವಸ್ಥೆಯ ಸಿ.ಡಿ. ಇನ್ನೂ ಪುಸ್ತಕದ ಕಪಾಟಿನಲ್ಲಿತ್ತು. ಅದನ್ನು ಹಾಕಿ ಮುಕ್ಕಾಲು ಗಂಟೆ ಕಾದದ್ದಾಯಿತು. ಆಮೇಲೆ ಹೊಸ ಕಂಪ್ಯೂಟರಿನ ನಡುವೆ ಒಂದು ಚೌಕ ಕಿಟಕಿ ತೆರೆದು, ಅದರೊಳಗೆ ಹದಿನೆಂಟು ವರ್ಷ ಕಂಡ ಅದೇ ನೀಲಿ, ಅದೇ ಏಳುವ ರಾಗ.

"ಅಯ್ಯೋ, ಬಂದೇ ಬಿಡ್ತಲ್ಲೋ!" ಎಂದು ಅವಳು ಕುರ್ಚಿಯಿಂದ ಎದ್ದೇ ನಿಂತಳು.

ಕಸೂತಿ ಪ್ರೋಗ್ರಾಮನ್ನು ಒಳಗೆ ಹಾಕಿ ಒತ್ತಿದರೆ, ಅದು ತೆರೆಯುವ ಬದಲು ಒಂದೇ ಸಾಲು ಬರೆಯಿತು: ಡಾಂಗಲ್ ಕಾಣುತ್ತಿಲ್ಲ.

"ಹಳೇ ಕಂಪ್ಯೂಟರ್ ಹಿಂದೆ ಒಂದು ಕಡ್ಡಿ ಸಿಕ್ಕಿಸಿರ್ತಿತ್ತಾ ಅತ್ತಿಗೆ? ಅದು ಈ ಪ್ರೋಗ್ರಾಮಿನ ಬೀಗದಕೈ. ಅದಿಲ್ದೆ ಇದು ಜಪ್ಪಯ್ಯ ಅಂದ್ರೂ ಏಳಲ್ಲ."

ಮೇಜಿನ ಕೆಳಗೆ ಹುಡುಕಿದರು. ಗುಂಡಿಯ ಡಬ್ಬಿ, ದಾರದ ಬುಟ್ಟಿ, ಕಸದ ಬುಟ್ಟಿಯನ್ನೂ ಬಿಡಲಿಲ್ಲ. ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದ ವಾರಗಿತ್ತಿಯ ನಗು ಮಾತ್ರ ಯಾವಾಗಲೋ ಹಾರಿಹೋಗಿತ್ತು.

"ಅಕ್ಕಾ... ಬೆರಳುದ್ದ, ತಗಡಿನ ಮೈ, ಸ್ವಲ್ಪ ತೂಕವಾಗಿತ್ತು. ಅದೇನಾ?"

"ಅದೇ ಕಣೇ! ಎಲ್ಲಿಟ್ಟೆ?"

"ಇಟ್ಟಿಲ್ಲ ಅಕ್ಕ. ಹೊಲಿದ್ಬಿಟ್ಟೆ."

ರಂಗದ ಪರದೆ ಗಾಳಿಗೆ ಹಾರದಿರಲೆಂದು ಕೆಳಗಿನ ಮಡಿಕೆಯೊಳಗೆ ದುಂಡನೆಯ ಕಬ್ಬಿಣದ ವಾಷರ್ ಇಟ್ಟು ಹೊಲಿಯುವುದು ಆ ಮನೆಯ ರೂಢಿ. ಎಡ ಭಾಗಕ್ಕೆ ವಾಷರ್ ಒಂದು ಕಡಿಮೆ ಬಿದ್ದಿತ್ತಂತೆ. ಸತ್ತ ಕಂಪ್ಯೂಟರಿನಿಂದ ಕಿತ್ತ ಕಡ್ಡಿ ಇನ್ಯಾತಕ್ಕೆ ಬರುತ್ತದೆಂದು ಅದನ್ನೇ ತುರುಕಿದ್ದಳು.

ಮೈದುನ ಹಣೆ ಚಚ್ಚಿಕೊಂಡ. "ಪುಣ್ಯಾತ್ಗಿತ್ತಿ! ಮೇಲೆ ಇಸ್ತ್ರಿನೂ ಹಾಕಿದ್ಯಾ?"

"ಹಾಕ್ದೆ ಇರ್ತೀನಾ? ಚೆನ್ನಾಗಿ ಬಿಸಿ ಮಾಡ್ಕೊಂಡೇ ಹಾಕಿದ್ದೆ," ಅಂದವಳ ಕಣ್ಣಲ್ಲಿ ನೀರಾಡಿತು.

ಕಸೂತಿಯವಳು ಪರದೆಯನ್ನು ಕೋಣೆಯುದ್ದ ಹಾಸಿ, ಮಂಡಿಯೂರಿ, ಅಂಚನ್ನು ಬೆರಳಲ್ಲಿ ಹಿಸುಕುತ್ತ ಬಂದಳು. ದುಂಡನೆಯದು. ದುಂಡನೆಯದು. ಮತ್ತೆ ದುಂಡನೆಯದು. ಕೊನೆಗೆ, ಮರದ ಬೇರಿನ ಕೆಳಗೆ, ಉದ್ದನೆಯದು. ಸಣ್ಣ ಕತ್ತರಿಯಿಂದ ನಾಲ್ಕು ಹೊಲಿಗೆ ಬಿಚ್ಚಿದಳು. ಕಡ್ಡಿ ಅಂಗೈಗೆ ಬಿತ್ತು.

ಮೈದುನ ಅದನ್ನು ಸಿಕ್ಕಿಸಿದ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಅದರ ತುದಿಯಲ್ಲಿ ಸಾಸಿವೆಯಷ್ಟು ಹಸಿರು ದೀಪ ಹತ್ತಿತು. ಆದರೂ ಕಿಟಕಿಯೊಳಗೆ ಅದೇ ಸಾಲು: ಡಾಂಗಲ್ ಕಾಣುತ್ತಿಲ್ಲ.

"ಸುಟ್ಟೇ ಹೋಯ್ತೇನೋ?"

"ತಡೀರಿ. ಹೊರಗಿನ ಕಂಪ್ಯೂಟರ್ ಹಿಡ್ಕೊಂಡು ಕೂತಿದೆ. ಒಳಗಿನವನ ಕೈಗೆ ದಾಟಿಸ್ಬೇಕು," ಎಂದು ಮೇಲಿನ ಪಟ್ಟಿಯಿಂದ ಕಡ್ಡಿಯ ಹೆಸರನ್ನು ಆರಿಸಿ ಒತ್ತಿದ.

ಪ್ರೋಗ್ರಾಮ್ ತೆರೆಯಿತು. ಮೊದಲು ಬಿಳಿ ಹಾಳೆ, ಮೇಲೆ ಒಂದೊಂದೇ ಬಣ್ಣವಾಗಿ ಬೇರು, ಕಾಂಡ, ಕೊಂಬೆ, ಎಲೆ. ಇನ್ನರ್ಧ ಮರ, ಒಂದೆಲೆಯೂ ಉದುರದೆ. ಕಸೂತಿಯವಳು ನೆಲದ ಮೇಲೇ ಕೂತುಬಿಟ್ಟಳು. ನಾಲ್ಕು ದಿನದಿಂದ ಹೆಗಲ ಮೇಲೆ ಹತ್ತಿ ಕೂತಿದ್ದದ್ದು ಯಾವುದೋ ಇಳಿದು ಹೋದಂತಾಯಿತು.

"ಏನೇ, ಅಳ್ತಾ ನಿಲ್ಬೇಡ," ಅಂದಳು ವಾರಗಿತ್ತಿಗೆ. "ಹಸಿವಾಗ್ತಿದೆ. ತಟ್ಟೆ ಹಾಕು."

ಮಧ್ಯಾಹ್ನ ಕಸೂತಿ ಯಂತ್ರದ ತಂತಿಯನ್ನೂ ಹಾಗೆಯೇ ಒಳಗಿನದಕ್ಕೆ ದಾಟಿಸಿದರು. ಸೂಜಿ ಕುಣಿಯತೊಡಗಿತು. ಒಂಬತ್ತು ದಿನ ಆ ಮನೆಯಲ್ಲಿ ಯಾರ ಮಾತೂ ಯಾರಿಗೂ ನೆಟ್ಟಗೆ ಕೇಳಿಸಲಿಲ್ಲ. ಯಾರಿಗೂ ಅದರ ಬೇಸರವೂ ಇರಲಿಲ್ಲ. ನಾಟಕದ ಹಿಂದಿನ ದಿನ, ಶುಕ್ರವಾರ, ಪರದೆಯ ಎರಡೂ ಭಾಗ ರಂಗದ ಮೇಲೆ ಎದುರುಬದುರು ಸರಿದು ಬಂದವು. ನಡುವೆ ಕಾಂಡ ಕೂದಲೆಳೆಯೂ ತೂರದಂತೆ ಕೂಡಿತು. ಮಂಡಳಿಯ ಯಜಮಾನ ಹತ್ತಿರ ಹೋಗಿ, ಕೂಡಿದ ಜಾಗವನ್ನು ಬೆರಳಿಂದ ಹುಡುಕಿ, ಸಿಗದೆ ನಕ್ಕ.

ಶನಿವಾರ ಮೂವರೂ ನಾಟಕ ನೋಡಿದರು. ಮೈದುನ, ವಾರಗಿತ್ತಿ ಇಬ್ಬರೂ ಭಾನುವಾರ ಬೆಳಿಗ್ಗೆ ಹತ್ತರ ಬಸ್ಸಿಗೆ ಹೊರಟರು.