ಕಂಕುಳ ಸುತ್ತು ಹದಿನೆಂಟೋ ಹತ್ತೊಂಬತ್ತೋ

ನನಗೂ ನನ್ನ ನಾದಿನಿಗೂ ಮಾತು ನಿಂತು ಮೂರು ವಾರವಾಗಿತ್ತು. ನನ್ನ ಬಟ್ಟೆಯ ಕತ್ತರಿಯಲ್ಲಿ ಅವಳು ಕಾಗದ ಕತ್ತರಿಸಿ ಮೊಂಡು ಮಾಡಿದ್ದಳು. ಹೊಲಿಗೆಯವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಇರುವುದು ಒಂದೇ ಅಂಗಡಿ, ಬೆನ್ನಿಗೆ ಬೆನ್ನು ಹಾಕಿದ ಎರಡು ಮಿಷನ್ನು. ದಾರ ಬೇಕಾದರೆ ಅವಳು ಗೋಡೆಯನ್ನು ಕೇಳುತ್ತಿದ್ದಳು, ಗೋಡೆಯ ಪರವಾಗಿ ನಾನು ಎತ್ತಿಕೊಡುತ್ತಿದ್ದೆ.

ಅವಳ ಮಗಳು ಒಂದು ಪ್ರೋಗ್ರಾಂ ನಡೆಸುತ್ತಾಳೆ. ಅದು ಉಡುಪಿನ ಕಟಿಂಗ್ ನಕ್ಷೆ ಬಿಡಿಸಿಕೊಡುತ್ತದೆ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಯಾರು ಬೇಕಾದರೂ ತಿದ್ದಿ ಕಳಿಸಬಹುದು. ಯಾವ ಸಾಲನ್ನು ಯಾರು, ಯಾವಾಗ, ಏಕೆ ತಿದ್ದಿದರು ಎಂಬುದೆಲ್ಲ ಗಿಟ್ ಎಂಬ ಕಂಪ್ಯೂಟರ್ ಕಡತದಲ್ಲಿ ಉಳಿಯುತ್ತದೆ, ಅಳಿಸಿದ್ದೂ ಅಳಿಯುವುದಿಲ್ಲ. ನನ್ನ ನಾದಿನಿಯ ನೆನಪೂ ಹಾಗೆಯೇ. ಕಟ್ಟಳೆ ಒಂದೇ: ತನ್ನ ತಿದ್ದುಪಡಿಗೆ ತಾನೇ ಒಪ್ಪಿಗೆ ಕೊಡುವಂತಿಲ್ಲ, ಆ ಭಾಗ ಬಲ್ಲ ಇನ್ನೊಬ್ಬರು ಕೊಡಬೇಕು. ತೋಳಿನ ಭಾಗ ಬಲ್ಲವರು ಇಬ್ಬರೇ. ನಾನು, ಮತ್ತೆ ನಾದಿನಿ.

ಆ ಮಧ್ಯಾಹ್ನ ಆಸ್ಪತ್ರೆಯಿಂದ ಫೋನ್ ಬಂತು. ನಮ್ಮ ನಕ್ಷೆಯಂತೆ ಹೊಲಿದ ಮಾದರಿ ಅಂಗಿ ಹಾಕಿಕೊಂಡ ನರ್ಸಮ್ಮನಿಗೆ ಕೈ ಎತ್ತಲು ಬರುತ್ತಿಲ್ಲವಂತೆ. ಮರುದಿನ ಬೆಳಿಗ್ಗೆ ಅಲ್ಲಿನವರಿಗಾಗಿ ಇನ್ನೂರು ಅಂಗಿಗಳ ಬಟ್ಟೆಗೆ ಕತ್ತರಿ ಬೀಳಲಿತ್ತು. ಸಂಜೆ ಆರರೊಳಗೆ ನಕ್ಷೆ ಸರಿಯಾಗಬೇಕು.

ಕೈ ಸಲೀಸಾಗಿ ಆಡುವ ಹಳೆಯ ಅಂಗಿಯೊಂದನ್ನು ಅಳೆದು, ಕಂಕುಳ ಸುತ್ತು ಹದಿನೇಳು ಇಂಚು ಇದ್ದದ್ದನ್ನು ಹತ್ತೊಂಬತ್ತು ಮಾಡಿ ಕಳಿಸಿದೆ. ಬೆನ್ನ ಹಿಂದೆಯೂ ಕೀಬೋರ್ಡಿನ ಟಕಟಕ ಸದ್ದು. ಅವಳೂ ಅದೇ ಅಂಗಿ ಅಳೆದು, ಅದೇ ಸಾಲನ್ನು ಹದಿನೆಂಟು ಮಾಡಿದ್ದಳು. ಗಿಟ್ ಎರಡನ್ನೂ ಒಂದರ ಕೆಳಗೊಂದು ತೋರಿಸಿ, ಯಾವುದು ಬೇಕೋ ನೀವೇ ತೀರ್ಮಾನಿಸಿ ಎಂದು ಕೈಕಟ್ಟಿ ಕೂತಿತು.

"ಅತ್ತೆ, ಅಮ್ಮ, ಇಬ್ರೂ ಒಂದೇ ರೂಮಲ್ಲಿ ಇದೀರ ತಾನೆ? ಸ್ವಲ್ಪ ಹಿಂದೆ ತಿರುಗಿ ಮಾತಾಡ್ಕೊಳ್ಳಿ!" ಹುಡುಗಿ ಫೋನಿನಲ್ಲಿ ಕೂಗಿದಳು.

"ಮಾತಾಡೋಕೇನಿದೆ, ಬರೆದಿದೀನಲ್ಲ," ಎಂದೆ.

ನನ್ನ ತಿದ್ದುಪಡಿಯ ಕೆಳಗೆ ನಾದಿನಿ ಬರೆದಳು: "ಮಾನ್ಯರೇ, ಹತ್ತೊಂಬತ್ತಕ್ಕೆ ಕಾರಣ ತಿಳಿಸಬೇಕಾಗಿ ವಿನಂತಿ." ಹುಟ್ಟಿದಂದಿನಿಂದ ನನ್ನನ್ನು ಯಾರೂ ಮಾನ್ಯರೇ ಎಂದಿರಲಿಲ್ಲ. "ನಲವತ್ತು ವರ್ಷದ ಅನುಭವ," ಎಂದು ಬರೆದೆ. ಎಲ್ಲಿಯವನೋ ಒಬ್ಬ ನಡುವೆ ಬಂದು ಮೇಲೆತ್ತಿದ ಹೆಬ್ಬೆರಳಿನ ಚಿತ್ರ ಹಾಕಿ ಹೋದ. ಮೆಚ್ಚಿದ್ದು ಯಾರನ್ನೋ. ನಾನಂತೂ ನನ್ನನ್ನೇ ಎಂದುಕೊಂಡೆ.

ಐದು ಗಂಟೆಗೆ ಅವಳ ಇನ್ನೊಂದು ಸಾಲು ಬಂತು: "ತಮ್ಮ ಟೇಪಿನ ಮೊದಲ ಇಂಚು ಹರಿದುಹೋಗಿ ಎಷ್ಟೋ ಕಾಲವಾಯಿತು. ಯಾವಾಗಲೂ ಒಂದು ಕಳೆಯುತ್ತೀರಿ. ಇವತ್ತು ಕಳೆದಿರಾ?"

ಟೇಪು ಎತ್ತಿ ನೋಡಿದೆ. ಸಿಟ್ಟಿನ ಭರದಲ್ಲಿ ಕಳೆದಿರಲಿಲ್ಲ. ನನ್ನ ಕಿವಿ ಬಿಸಿಯಾಯಿತು. ಊರೂರಿನವರು ಓದುವ ಜಾಗದಲ್ಲಿ ಬರೆದುಬಿಟ್ಟಿದ್ದಾಳಲ್ಲ!

"ಕಿವೀಲಿ ಹೇಳೋಕಾಗ್ತಿರಲಿಲ್ವೇನೆ?" ತಿರುಗಿ ಕೇಳಿಯೇಬಿಟ್ಟೆ.

"ಮಾತು ಬಿಟ್ಟಿದ್ದು ಯಾರು ಅತ್ತಿಗೆ?"

"ಸರಿ ಬಿಡು. ನಿನ್ನದಕ್ಕೇ ಒಪ್ಪಿಗೆ ಕೊಡ್ತೀನಿ."

"ಬೇಡ, ತಡೀರಿ. ನಾನೇನು ದೊಡ್ಡ ಜಾಣೆನಾ? ಹೊಲಿದು ನೋಡೋಣ."

ಹದಿನೆಂಟಕ್ಕೆ ಕತ್ತರಿಸಿ ಅವಳು ಬಲದ ತೋಳು ಕೂರಿಸಿದಳು, ನಾನು ಎಡದ್ದು. ಆರಕ್ಕೆ ಹತ್ತು ನಿಮಿಷವಿದ್ದಾಗ ಆ ಅಂಗಿ ಹಾಕಿಕೊಂಡು, ಅಂಗಡಿಯ ನಡುವೆ ನಿಂತು ಎರಡೂ ಕೈ ಮೇಲಕ್ಕೆತ್ತಿದೆ. ಎಲ್ಲೂ ಹಿಡಿಯಲಿಲ್ಲ.

"ಹಾಗೇ ಇರಿ, ಇಳಿಸಬೇಡಿ!" ನಾದಿನಿ ಫೋನ್ ಹಿಡಿದು ಫೋಟೋ ತೆಗೆದಳು. "ಕಾರಣ ಅಂತ ಇದನ್ನೇ ಹಾಕ್ತೀನಿ."

"ಲೇ, ಪೊಲೀಸರಿಗೆ ಶರಣಾದ ಕಳ್ಳಿ ಥರ ಕಾಣ್ತೀನಿ ಕಣೆ!"

"ಇನ್ನೂರು ಜನಕ್ಕೆ ಕೈ ಎತ್ತೋಕೆ ಬಂದ್ರೆ ಸಾಕು. ಬೇಗ ಒಪ್ಪಿಗೆ ಒತ್ತಿ ಅತ್ತಿಗೆ, ಆರಾಗ್ತಾ ಬಂತು."

ಒತ್ತಿದೆ. ಆ ಫೋಟೋ ಇಂದಿಗೂ ಗಿಟ್‌ನಲ್ಲೇ ಇದೆ, ತಾರೀಕಿನ ಸಮೇತ.