ಗಾಜಿನ ಹಿಂದಿನ ಬಿಸಿಲು

"ಇಷ್ಟು ಬಿಸಿಲು ಬಿಟ್ಟಿ ಸುರೀತಿರುವಾಗ ಈ ಮಾತ್ರೆಗಳ ಕಾಟ ಯಾಕಪ್ಪಾ?"

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಪುಸ್ತಕ ಹೊಲಿಯುವವನು ಮುಚ್ಚಿದ ಗಾಜಿನ ಕಿಟಕಿಗೆ ಬೆನ್ನೊಡ್ಡಿ ಕೂತಿದ್ದ. ಇಪ್ಪತ್ತು ವರ್ಷ ನೆಲಮಾಳಿಗೆಯಲ್ಲಿ ಬೈಂಡಿಂಗ್ ಮಾಡಿ ಬಿಸಿಲನ್ನೇ ಮರೆತ ಮೈ. ಕ್ಷಯಕ್ಕೆ ಮಾತ್ರೆ ಶುರುವಾಗಿ ನಾಲ್ಕು ತಿಂಗಳು. ಕೆಮ್ಮು ನಿಂತಿತ್ತು, ತೂಕ ಏರಿತ್ತು. ಆದರೆ ಮಾತ್ರೆ ನುಂಗಿದ ಮೇಲೆ ಅಂಟಿನ ವಾಸನೆ ಬಂದರೆ ಸಾಕು, ಹೊಟ್ಟೆ ತೊಳಸುತ್ತಿತ್ತು. ಕೆಲಸ ಬಿದ್ದಲ್ಲೇ ಬಿದ್ದಿತ್ತು.

ರಕ್ತದಲ್ಲಿ ವಿಟಮಿನ್ ಡಿ ಕಡಿಮೆ ಎಂದು ಗೊತ್ತಾದ ದಿನದಿಂದ ಅಕ್ಕ ಅವನನ್ನು ಮಧ್ಯಾಹ್ನ ಇಲ್ಲೇ ಕೂರಿಸುತ್ತಿದ್ದಳು. ದಿನಾ ಅವನು ಮಾತ್ರೆ ನುಂಗುವುದನ್ನು ಕಣ್ಣಾರೆ ಕಂಡು ಆಸ್ಪತ್ರೆ ಕೊಟ್ಟ ಕಾರ್ಡಿನಲ್ಲಿ ಗುರುತು ಹಾಕುವವಳೂ ಅವಳೇ.

ಅವತ್ತು ಅಕ್ಕನ ಜೊತೆ ಕೋಣೆಗೆ ಬಂದ ಆಸ್ಪತ್ರೆಯ ನರ್ಸಮ್ಮ ಅವನನ್ನು ನೋಡಿ ನಕ್ಕೇಬಿಟ್ಟಳು. "ಅಲ್ಲಮ್ಮಾ, ತಮ್ಮನ್ನ ಒದ್ದೆ ಬಟ್ಟೆ ಹಾಗೆ ಒಣಗಿಸ್ತಿದ್ದೀರಲ್ಲ! ಗಾಜಿನ ಹಿಂದೆ ಕೂತ್ರೆ ಬೆವರು ಬರುತ್ತೆ, ವಿಟಮಿನ್ ಬರಲ್ಲ; ಅದನ್ನ ಕೊಡೋ ಕಿರಣ ಗಾಜು ದಾಟಲ್ಲ. ಕಿಟಕಿ ತೆಗೀರಿ, ಗಾಳಿನೂ ಆಡ್ಲಿ."

"ಅಯ್ಯೋ, ಗಾಳಿ ತಾಗಬಾರದು ಅಂತ ನಾನೇ ಮುಚ್ಚಿಟ್ಟಿದ್ದೆ. ಇಷ್ಟು ದಿನದ್ದೆಲ್ಲ ನೀರಲ್ಲಿ ಹೋಮ!" ಅಕ್ಕನ ಮುಖ ಸಣ್ಣದಾಯಿತು.

"ಹೊರಗೇ ಕೂತ್ರೆ ಮಾತ್ರೆ ಬಿಡಬಹುದಾ?" ತಮ್ಮ ಕೇಳಿದ.

"ಮೈಯೊಳಗಿನ ಕಾವಲು ಕಣಗಳು ಕ್ರಿಮಿ ಜೊತೆ ಬಡಿದಾಡೋಕೆ ಡಿ ಬೇಕು, ನಿಜ. ಅದೊಂದರಿಂದಲೇ ಈ ರೋಗ ವಾಸಿಯಾಗಲ್ಲ. ನೀವೇ ಹೇಳಿ, ಹೊಲಿಗೆ ಹಾಕದೆ ಬರೀ ಅಂಟು ಬಳಿದ ಪುಸ್ತಕ ಎಷ್ಟು ದಿನ ಬಾಳುತ್ತೆ?"

ಅಂಥ ಪುಸ್ತಕಗಳನ್ನು ಬಿಚ್ಚಿ ಹೊಲಿದೇ ಅವನು ಅನ್ನ ಕಂಡವನು.

"ಅರ್ಧಕ್ಕೆ ಬಿಟ್ರೆ ರೋಗ ತಿರುಗಿ ಬೀಳುತ್ತೆ. ಆಮೇಲೆ ಈ ಮಾತ್ರೆಗೂ ಬಗ್ಗದೇ ಹೋಗಬಹುದು. ಹೊಟ್ಟೆ ತೊಳಸೋದಕ್ಕೆ ದಾರಿ ಇದೆ, ನಾಳೆ ಡಾಕ್ಟರ ಹತ್ರ ಬನ್ನಿ," ಎಂದು ನರ್ಸಮ್ಮ ಹೊರಟಳು.

ಚಪ್ಪಲಿ ಸದ್ದು ಮೆಟ್ಟಿಲಿಳಿಯುವವರೆಗೆ ಅವನು ಕಾದ.

"ಅಕ್ಕಾ, ನಿನ್ನ ದಮ್ಮಯ್ಯ. ಇನ್ನೆರಡೇ ತಿಂಗಳು. ಹೊರಗೆ ಕೂರು ಅಂದಷ್ಟು ಹೊತ್ತು ಕೂರ್ತೀನಿ. ನಾನು ಮಾತ್ರೆ ನುಂಗದಿದ್ರೂ ನೀನು ಸುಮ್ನೆ ಗುರುತು ಹಾಕ್ತಾ ಹೋಗು. ಕೆಲಸಕ್ಕೆ ಹೋಗ್ಬೇಕು ಕಣೇ, ಕೈ ಖಾಲಿ ಕೂತು ಹುಚ್ಚು ಹಿಡೀತಿದೆ."

ಅಮ್ಮ ಹೋದ ಮೇಲೆ ಅವನನ್ನು ಸೊಂಟದಲ್ಲಿ ಹೊತ್ತು ಬೆಳೆಸಿದವಳು ಅವಳು. ಅವನು ಬೇಕೆಂದದ್ದಕ್ಕೆ ಇಲ್ಲವೆಂದು ಅವಳಿಗೆ ಅಭ್ಯಾಸವಿರಲಿಲ್ಲ. ಆದರೂ ಆ ದಿನದ ಮಾತ್ರೆಗಳನ್ನು ಅವನ ಅಂಗೈಗೆ ಸುರಿದು, ನೀರಿನ ಲೋಟ ಹಿಡಿದು ಎದುರಿಗೆ ಕೂತಳು.

"ಬೇಕಾದ್ರೆ ನನ್ನ ಜೊತೆ ಮಾತು ಬಿಡು," ಅಂದಳು. "ಸುಳ್ಳು ಗುರುತು ನಾನು ಹಾಕಲ್ಲ."